ಮೈಮೇಲೆ ಬೀಳುವ ಆಟ

ಕಳೆದ ತಿಂಗಳು ನಮ್ಮ ಶಾಲೆಯ ಗಣಿತದ ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಎಲ್ಲರೂ ಮಾತಾಡಿದ ಮೇಲೆ ಹೆಡ್‌ಮೇಡಂ ನನ್ನ ಕಡೆ ಕೈ ತೋರಿಸಿ, “ಹುಡುಗೇರ ಟೀಮ್ ಕಟ್ಟಿದಾಗ ಜೋಡಿ ಇದ್ದವ್ರು ನೀವು, ಎರಡು ಮಾತು ಹೇಳ್ರಿ” ಅಂದರು. ನಾನು ಎದ್ದು ನಿಂತು ಸರಳ ಸ್ವಭಾವ, ಸಮಯಪಾಲನೆ, ಮಕ್ಕಳ ಮೇಲಿನ ಪ್ರೀತಿ ಎಂದು ಯಾವ ಮೇಷ್ಟ್ರಿಗಾದರೂ ಒಪ್ಪುವ ನಾಲ್ಕು ಮಾತು ಹೇಳಿ ಕೂತೆ. ಚಪ್ಪಾಳೆ ಬಿತ್ತು. ಅದರಲ್ಲಿ ಸಮಯಪಾಲನೆ ಶುದ್ಧ ಸುಳ್ಳು. ಉಳಿದದ್ದು ನಿಜವೇ, ಆದರೆ ನಾನು ಹೇಳಬೇಕಿದ್ದದ್ದು ಅದಲ್ಲ. ಆ ಮನುಷ್ಯನ ಮೇಲೆ ನನಗೆ ವರ್ಷಗಟ್ಟಲೆ ಹೊಟ್ಟೆಕಿಚ್ಚಿತ್ತು. ಆ ಹೊಟ್ಟೆಕಿಚ್ಚಿನಲ್ಲಿ ಮಾಡಬೇಕಾದ ಒಂದು ಕೆಲಸವನ್ನು ಮಾಡದೆ ಬಿಟ್ಟೆ. ಅದನ್ನು ಈಗ ಬರೆಯುತ್ತಿದ್ದೇನೆ.

ನಾನು ಸಿರುಗುಪ್ಪದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಊರು ರಾರಾವಿ. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಆಡಿದವನು. ಎಡ ಮೊಣಕಾಲು ಕೈಕೊಡದಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತಿದ್ದೆ ಎಂದು ಇವತ್ತಿಗೂ ನಂಬಿದ್ದೇನೆ. ನಂಬದಿದ್ದರೆ ಬದುಕುವುದು ಕಷ್ಟ.

ಗಣಿತದ ಮೇಷ್ಟ್ರು ಕುರುಗೋಡಿನವರು. ತಂದೆ ಅಲ್ಲಿ ಟೇಲರ್ ಆಗಿದ್ದರಂತೆ. ಇವರು ಮನೆ ಮಾಡಿದ್ದು ಬಳ್ಳಾರಿಯ ಗಾಂಧಿನಗರದಲ್ಲಿ. ದಿನಾ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಬರುತ್ತಿದ್ದರು, ದಿನಾ ತಡವಾಗಿ. ನಾವೆಲ್ಲ ಅವರನ್ನು ಸಾಹೇಬ್ರು ಎನ್ನುತ್ತಿದ್ದೆವು. ದೊಡ್ಡ ಹೊಟ್ಟೆ, ಕಾಲಲ್ಲಿ ಯಾವಾಗಲೂ ಚಪ್ಪಲಿ, ಶಾಲೆಯ ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುವ ಮನುಷ್ಯ. ಜೀವಮಾನದಲ್ಲಿ ಒಂದೇ ಒಂದು ಸಲವೂ ಚೆಂಡು ಒದ್ದವರಲ್ಲ. ಇಂಥವರು ಬಂದು ನನ್ನ ಮೈದಾನವನ್ನು ನನ್ನಿಂದ ಕಸಿದುಕೊಂಡರು ಎಂದರೆ ನನಗೆ ಹೇಗಾಗಿರಬೇಕು, ನೀವೇ ಹೇಳಿ.

ಮೊದಲು ಅವರ ನಡತೆ ಹೇಳುತ್ತೇನೆ. ಅವರು ಯಾರಿಗೂ ಕಾಯುತ್ತಿರಲಿಲ್ಲ. ಹೆಡ್‌ಮೇಡಂ ಕೋಣೆಗೆ ಬಾಗಿಲು ತಟ್ಟದೆ ನುಗ್ಗುವುದು, ನಾವು ಅರ್ಧ ಹೇಳಿದ ಮಾತನ್ನು ತಾವೇ ಮುಗಿಸುವುದು, ಬಸ್ಸಿನಲ್ಲಿ ಪಕ್ಕ ಕೂತವರನ್ನು ಬೈರಾಪುರ ಬರುವಷ್ಟರಲ್ಲಿ ನೆಂಟರ ಹಾಗೆ ಮಾತಾಡಿಸುವುದು, ಡ್ರೈವರ್ ತೆಲುಗಿನವನಾದರೆ ತೆಲುಗು, ಕಂಡಕ್ಟರ್ ಉರ್ದುವಿನವನಾದರೆ ಉರ್ದು. ಶಾಲೆಯ ನಲ್ಲಿಗೆ ಒಂದು ವರ್ಷದಿಂದ ನೀರಿರಲಿಲ್ಲ. ನಾವು ಅರ್ಜಿ ಬರೆದು ಬರೆದು ಸುಸ್ತಾಗಿದ್ದೆವು. ಸಾಹೇಬ್ರು ಒಂದು ದಿನ ಊಟದ ಬಿಡುವಿನಲ್ಲಿ ಹೋಗಿ ಸಂಬಂಧಪಟ್ಟ ಕಚೇರಿಯ ಗುಮಾಸ್ತನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಅವನು ಎದ್ದು ಚಹಾಕ್ಕೆ ಹೋದರೆ ಇವರೂ ಚಹಾಕ್ಕೆ ಹೋದರು. ಮೇಲಧಿಕಾರಿಯ ಕೋಣೆಗೆ ಹೋದರೆ ಇವರೂ ಹಿಂದೆಯೇ ಒಳಗೆ ಹೋದರು. ಮೂರನೇ ದಿನ ನೀರು ಬಂತು.

“ಎದುರಿನವ್ರಿಗೆ ವಿಚಾರ ಮಾಡಾಕ ಟೈಮ್ ಕೊಡಬಾರದ್ರಿ ಮಾಸ್ತರ” ಎಂದು ಆವತ್ತು ನನಗೆ ಹೇಳಿದರು. “ಟೈಮ್ ಕೊಟ್ರಿ ಅಂದ್ರ ಅವ್ರು ಒಂದು ನೆವ ಹುಡುಕ್ತಾರ.”

ಆದರೆ ಅದೇ ಮೂರು ದಿನದಲ್ಲಿ ಅವರು ಟಿಫಿನ್ ಡಬ್ಬಿಯನ್ನು ಬಸ್ಸಿನಲ್ಲಿ ಬಿಟ್ಟರು, ಹತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ಆ ಕಚೇರಿಯಲ್ಲೇ ಮರೆತು ಬಂದರು, ಗಾಂಧಿನಗರದ ಮನೆಗೆ ಬೀಗ ಹಾಕದೆ ಬಂದರು. ಮುಂದೆ ನುಗ್ಗುವಾಗ ಹಿಂದೆ ಏನು ಬಿದ್ದಿದೆ ಎಂದು ನೋಡುವ ಅಭ್ಯಾಸವೇ ಇಲ್ಲ. ಪೆನ್ನು ಬೇಡಿದರೆ ವಾಪಸು ಬರುವುದಿಲ್ಲ. ನನ್ನ ಸೀಟಿಯನ್ನು ಎರಡು ಸಲ ಒಯ್ದು ಎರಡು ಸಲವೂ ಕಳೆದರು. ಇದನ್ನೆಲ್ಲ ನಾನು ಒಳಗೊಳಗೇ ಖುಷಿಯಿಂದ ನೆನಪಿಟ್ಟುಕೊಳ್ಳುತ್ತಿದ್ದೆ.

ಅವರ ಬ್ಯಾಗಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇರುತ್ತಿತ್ತು. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಅದನ್ನು ತೆರೆದು ಕೂರುತ್ತಿದ್ದರು. ರಂಜಾನ್ ತಿಂಗಳಲ್ಲಂತೂ ಊಟವೂ ಇಲ್ಲದ್ದರಿಂದ ಪೂರ್ತಿ ಬಿಡುವು ಅದಕ್ಕೇ. ಅದರಲ್ಲಿದ್ದದ್ದು ಒಂದು ಫುಟ್‌ಬಾಲ್ ಆಟ. ಆಟ ಎಂದರೆ ನೀವು ಒದೆಯುವಂಥದ್ದಲ್ಲ. ನೀವು ಒಂದು ಕ್ಲಬ್ಬಿನ ಮ್ಯಾನೇಜರ್. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಚೆಂಡು ಕಳೆದುಕೊಂಡರೆ ಏನು ಮಾಡಬೇಕು ಎಂದು ಮೊದಲೇ ಗೊತ್ತುಮಾಡಿ ಗುಂಡಿ ಒತ್ತಿದರೆ, ಹಸಿರು ಪರದೆಯ ಮೇಲೆ ಇಪ್ಪತ್ತೆರಡು ಚುಕ್ಕಿಗಳು ತಾವೇ ಆಡುತ್ತವೆ. ಪ್ರತಿ ಆಟಗಾರನಿಗೂ ಓಟಕ್ಕಿಷ್ಟು, ಧೈರ್ಯಕ್ಕಿಷ್ಟು ಎಂದು ಇಪ್ಪತ್ತಕ್ಕೆ ಅಂಕ. ಎಷ್ಟು ದಣಿದಿದ್ದಾನೆ ಎಂದು ತೋರಿಸಲು ಪಕ್ಕದಲ್ಲೊಂದು ಪಟ್ಟಿ. ಫೋನಿನ ಚಾರ್ಜು ಇಳಿದ ಹಾಗೆ ಅದೂ ಇಳಿಯುತ್ತದೆ. ಎಲ್ಲೋ ಯಾವುದೋ ದೇಶದ, ಹೆಸರು ಕೇಳದ ಕೆಳದರ್ಜೆಯ ಕ್ಲಬ್ಬನ್ನು ಹಿಡಿದು ಸಾಹೇಬ್ರು ಮೇಲಿನ ದರ್ಜೆಗೆ ತಂದಿದ್ದರು.

ಅವರ ತಂತ್ರ ಒಂದೇ. ಅದಕ್ಕೆ ‘ಮೈಮ್ಯಾಲೆ ಬೀಳೋದು’ ಎಂದು ಹೆಸರಿಟ್ಟಿದ್ದರು. ಚೆಂಡು ನಮ್ಮದಾದರೆ ಎಲ್ಲರೂ ಮುಂದೆ. ಚೆಂಡು ಅವರದಾದರೆ ಇನ್ನೂ ಮುಂದೆ. ಕಳೆದುಕೊಂಡ ಜಾಗದಲ್ಲೇ ನಾಲ್ಕೈದು ಜನ ಒಟ್ಟಿಗೆ ಮುತ್ತಿ, ಎದುರಾಳಿ ತಲೆ ಎತ್ತುವ ಮೊದಲು ಕಸಿದುಕೊಳ್ಳಬೇಕು. ಹಿಂದಿನ ಸಾಲಿನವರು ಗೋಲಿನ ಹತ್ತಿರ ನಿಲ್ಲದೆ ನಡುಗೆರೆಯವರೆಗೂ ಬಂದು ನಿಲ್ಲಬೇಕು. ಹಾಗೆ ನಿಂತರೆ ಮೈದಾನ ಅರ್ಧವಾಗಿ, ಎದುರಾಳಿಗೆ ಉಸಿರಾಡಲು ಜಾಗವೇ ಇರುವುದಿಲ್ಲ. ಚೆಂಡು ಅವರ ಗೋಲಿನ ಬಳಿಯೇ ಸಿಗುವುದರಿಂದ ಸಾಧಾರಣ ಆಟಗಾರನೂ ಗೋಲು ಹೊಡೆಯುತ್ತಾನೆ. ನೋಡಲು ಹಬ್ಬ. ನಾನು ಅವರ ಬೆನ್ನ ಹಿಂದೆ ನಿಂತು ರೊಟ್ಟಿ ತಿನ್ನುತ್ತ ನೋಡುತ್ತಿದ್ದೆ, ನೋಡುತ್ತಿಲ್ಲ ಎಂಬ ಹಾಗೆ.

ಹಿಂದಿನ ಸಾಲಿನಲ್ಲಿ ಆಡಿದವನಿಗೆ ಅದರ ಹುಳುಕು ಕಾಣಲು ಎರಡು ದಿನವೂ ಬೇಕಿಲ್ಲ. ಹಿಂದೆ ಅರ್ಧ ಮೈದಾನ ಖಾಲಿ. ಎದುರಾಳಿಗಳಲ್ಲಿ ಒಬ್ಬ ಗಟ್ಟಿ ಕಾಲಿನವನು ಚೆಂಡನ್ನು ಎತ್ತಿ ಸಾಲಿನ ತಲೆಯ ಮೇಲೆ ಹಾಕಿ, ಇನ್ನೊಬ್ಬ ಓಡಿದರೆ ಮುಗಿಯಿತು, ಅವನಿಗೂ ಗೋಲಿಗೂ ನಡುವೆ ಗೋಲ್‌ಕೀಪರ್ ಒಬ್ಬರೇ. ಆ ಗೋಲ್‌ಕೀಪರ್ ಎಷ್ಟು ಮುಂದೆ ಬರಬೇಕು, ಯಾವಾಗ ಬರಬೇಕು ಎಂದು ತಿಳಿದಿರಬೇಕು. ಇಲ್ಲದಿದ್ದರೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಇನ್ನೊಂದು, ಈ ಪಾಟಿ ಓಡಿದರೆ ಆಟದ ಕೊನೆಯ ಹೊತ್ತಿಗೆ ಕಾಲು ಬರುವುದಿಲ್ಲ. ಅವರ ಚುಕ್ಕಿಗಳೂ ಕೊನೆಯ ಹತ್ತು ನಿಮಿಷದಲ್ಲಿ ಗೋಲು ಬಿಟ್ಟುಕೊಡುತ್ತಿದ್ದವು. ಸಾಹೇಬ್ರು ನಾಲಿಗೆ ಚಪ್ಪರಿಸಿ ಮುಂದಿನ ಮ್ಯಾಚಿಗೆ ಹೋಗುತ್ತಿದ್ದರು.

ಹುಡುಗಿಯರ ತಂಡ ನನ್ನದೇ ಇತ್ತು. ನಾನು ಕಲಿಸಿದ್ದು ನನ್ನ ಆಟ: ಹಿಂದೆ ನಿಲ್ಲು, ಕಾಯಿ, ತಪ್ಪು ಮಾಡಬೇಡ. ನಾವು ಪ್ರತಿ ವರ್ಷ ಸೊನ್ನೆ–ಒಂದರಲ್ಲಿ ಗೌರವದಿಂದ ಸೋಲುತ್ತಿದ್ದೆವು. ಒಂದು ದಿನ ನೋಡಿದರೆ ಸ್ಟಾಫ್ ರೂಮಿನ ಕಿಟಕಿಗೆ ನನ್ನ ಹುಡುಗಿಯರು ಜೋತುಬಿದ್ದಿದ್ದಾರೆ, ಒಳಗೆ ಸಾಹೇಬ್ರು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ಕೂತಿದ್ದಾರೆ. “ನಾವೂ ಹಿಂಗ ಆಡಬಹುದಾ ಸರ್?” ಎಂದು ಒಬ್ಬಳು ಕೇಳಿದಳು. ಅವಳು ಕೇಳಿದ್ದು ಅವರನ್ನು. ನಾನು ಅಲ್ಲೇ ಇದ್ದೆ.

ಮರುವಾರ ಹೆಡ್‌ಮೇಡಂ ಕರೆದು, “ಸಾಹೇಬ್ರು ಹುಡುಗೇರಿಗೆ ಸ್ವಲ್ಪ ಹೇಳಿಕೊಡ್ತಾರಂತ, ನೀವೂ ಜೋಡಿ ಇರ್ರಿ” ಅಂದರು. ಜೋಡಿ ಇರ್ರಿ! ಒಂದು ವಾರ ಚೆಂಡಿಗೆ ಗಾಳಿ ತುಂಬುವ ಪಂಪನ್ನು ಅಲಮಾರಿಯ ಮೇಲೆ ಬಚ್ಚಿಟ್ಟೆ. ಸಾಹೇಬ್ರು ಸೈಕಲ್ ಅಂಗಡಿಗೆ ಹೋಗಿ ಗಾಳಿ ತುಂಬಿಸಿಕೊಂಡು ಬಂದರು. ಅಂಗಡಿಯವನನ್ನೂ ಆಟ ನೋಡಲು ಕರೆದುಕೊಂಡು ಬಂದಿದ್ದರು.

ಗಣಿತದ ಮೇಷ್ಟ್ರಲ್ಲವೆ, ಒಂದು ನೋಟುಬುಕ್ಕಿನಲ್ಲಿ ಪ್ರತಿ ಹುಡುಗಿಗೂ ಇಪ್ಪತ್ತಕ್ಕೆ ಅಂಕ ಹಾಕಿದರು. ಓಟ, ಧೈರ್ಯ, ಜೋಡಿಯಾಗಿ ಆಡುವುದು, ಸೋತಾಗ ಅಳದಿರುವುದು, ಎಲ್ಲಕ್ಕೂ ಒಂದೊಂದು ಅಂಕಣ. ಹುಡುಗಿಯರು ಅರ್ಧವಾರ್ಷಿಕ ಪರೀಕ್ಷೆಯ ಅಂಕಕ್ಕಿಂತ ಆ ಅಂಕಕ್ಕೆ ಹೆಚ್ಚು ಜಗಳಾಡಿದರು. ಸಾಹೇಬ್ರು ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, “ಬೀಳ್ರೆವ್ವಾ, ಮೈಮ್ಯಾಲೆ ಬೀಳ್ರಿ! ಉಸಿರು ಬಿಡಾಕ ಬಿಡಬ್ಯಾಡ್ರಿ!” ಎಂದು ಕೂಗುತ್ತಿದ್ದರು. ಕೂಗಿ ಕೂಗಿ ಹುಡುಗಿಯರಿಗಿಂತ ಮೊದಲು ಅವರಿಗೇ ಉಸಿರು ಕಟ್ಟುತ್ತಿತ್ತು.

ಆ ವರ್ಷ ತಾಲ್ಲೂಕಿನಲ್ಲಿ ನಾವು ಮೂರು ಮ್ಯಾಚು ಗೆದ್ದೆವು. ಕೊನೆಯದನ್ನು ನಾಲ್ಕು–ಸೊನ್ನೆಯಲ್ಲಿ. ಹತ್ತು ವರ್ಷ ನಾನು ಕಾದ ಗೆಲುವು ಅದು. ಹುಡುಗಿಯರು ಓಡಿಬಂದು ಕುರ್ಚಿ ಸಮೇತ ಸಾಹೇಬರನ್ನು ಎತ್ತಲು ನೋಡಿದರು, ಎತ್ತಲಾಗದೆ ಎಲ್ಲರೂ ಬಿದ್ದು ನಕ್ಕರು. ನಾನು ಒಬ್ಬನೇ ಗೋಲಿನ ಬಲೆ ಬಿಚ್ಚುತ್ತಿದ್ದೆ. ಬಲೆಯ ಗಂಟು ಬಿಚ್ಚುವುದು ನನ್ನ ಕೆಲಸ ಎಂದು ಯಾರೂ ಹೇಳಿರಲಿಲ್ಲ. ನನಗೇನೂ ಬೇಡವಾಗಿತ್ತು, ಅಷ್ಟೆ. ಸಾಹೇಬ್ರು ಸೋಲಬೇಕು, ಒಂದೇ ಒಂದು ಸಲ ಎಲ್ಲರ ಮುಂದೆ ಸೋಲಬೇಕು ಎಂದು ಆ ಸಂಜೆ ಮನಸ್ಸಿನಲ್ಲೇ ಬೇಡಿಕೊಂಡೆ.

ಮುಂದಿನ ಪಂದ್ಯ ಜಿಲ್ಲಾ ಮಟ್ಟದ್ದು, ಬಳ್ಳಾರಿಯಲ್ಲಿ. ಕ್ರೀಡಾ ವಸತಿ ನಿಲಯಕ್ಕೆ ಹುಡುಗಿಯರನ್ನು ಆರಿಸಲು ಇಬ್ಬರು ತರಬೇತುದಾರರು ಬರುತ್ತಾರೆಂಬ ಸುದ್ದಿ ಇತ್ತು. ನಮ್ಮ ತಂಡದಲ್ಲಿ ಆ ಯೋಗ್ಯತೆ ಇದ್ದವಳು ಒಬ್ಬಳೇ, ಗೋಲ್‌ಕೀಪರ್. ಕರೂರಿನ ಹುಡುಗಿ, ತಾಯಿ ಭತ್ತದ ಗದ್ದೆಯಲ್ಲಿ ನಾಟಿ ಕೆಲಸಕ್ಕೆ ಹೋಗುವವಳು. ಉದ್ದ ಕೈ, ಹೆದರಿಕೆ ಎಂಬುದೇ ಗೊತ್ತಿಲ್ಲ. ವಸತಿ ನಿಲಯ ಸಿಕ್ಕರೆ ಓದು, ಊಟ, ಆಟ ಎಲ್ಲ ಅಲ್ಲೇ. ಸಿಗದಿದ್ದರೆ ಹತ್ತನೆಯ ತರಗತಿಗೆ ಓದು ನಿಲ್ಲುತ್ತದೆ ಎಂದು ಅವಳೇ ಹೇಳಿದ್ದಳು, ಅದೇನು ದೊಡ್ಡ ವಿಷಯವಲ್ಲ ಎಂಬ ಧಾಟಿಯಲ್ಲಿ.

ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಸಾಹೇಬ್ರು ಮೈದಾನದಲ್ಲಿ ನನ್ನ ಹತ್ತಿರ ಬಂದು ನಿಂತರು. ಅವರು ಹಾಗೆ ಸುಮ್ಮನೆ ನಿಂತದ್ದು ನಾನು ನೋಡಿದ್ದೇ ಕಡಿಮೆ.

“ಮಾಸ್ತರ, ನೀವು ಖರೇ ಆಡಿದವ್ರು. ಹಿಂದಿನ ಲೈನಿಗೆ ಏನರ ಹೇಳೋದಿದ್ರ ಹೇಳ್ರಿ. ಆ ಕಡಿ ನಾ ಕೈ ಹಾಕಿಲ್ಲ.”

“ಎಲ್ಲಾ ಬರೋಬ್ಬರಿ ಐತಲ್ರಿ ಸಾಹೇಬ್ರ” ಅಂದೆ. “ಗೆಲ್ಲೋ ಟೀಮಿಗೆ ನಾ ಯಾಕ ಕೈ ಹಾಕ್ಲಿ?”

ಅವರು ನನ್ನ ಮುಖ ನೋಡಿದರು. “ಏನೂ ಇಲ್ಲೇನ್ರಿ?”

“ಏನೂ ಇಲ್ಲ.”

ಹೇಳಬೇಕಾದ್ದು ಅರ್ಧ ತಾಸಿನ ಮಾತು. ಒಬ್ಬಳನ್ನು ಸಾಲಿನ ಹಿಂದೆ ಬಿಡು. ಗೋಲ್‌ಕೀಪರಿಗೆ ಇಲ್ಲಿಯವರೆಗೆ ಬಾ, ಇದರಾಚೆ ಬರಬೇಡ ಎಂದು ಸುಣ್ಣದಲ್ಲಿ ಗೆರೆ ಎಳೆದು ತೋರಿಸು. ಎರಡನೇ ಅರ್ಧದಲ್ಲಿ ಓಟ ತಗ್ಗಿಸು, ಬಳ್ಳಾರಿಯ ಬಿಸಿಲಲ್ಲಿ ಯಾರ ಪಕ್ಕದಲ್ಲೂ ಚಾರ್ಜು ತೋರಿಸುವ ಪಟ್ಟಿ ಇರುವುದಿಲ್ಲ. ನಾಲ್ಕು ದಿನವೂ ಇದು ನನ್ನ ಬಾಯಲ್ಲಿತ್ತು. ನಾಲ್ಕು ದಿನವೂ ನುಂಗಿದೆ.

ಮ್ಯಾಚು ಮಧ್ಯಾಹ್ನ ನಡೆಯಿತು. ಮೊದಲ ಅರ್ಧದಲ್ಲಿ ನಮ್ಮ ಹುಡುಗಿಯರು ಬೆಂಕಿಯಾಗಿದ್ದರು. ಎರಡು ಗೋಲು. ಎದುರಿನವರು ನಡುಗೆರೆ ದಾಟಿದ್ದು ನನಗೆ ನೆನಪಿಲ್ಲ. ತರಬೇತುದಾರರಲ್ಲಿ ಒಬ್ಬರು ನಮ್ಮ ಗೋಲ್‌ಕೀಪರ್ ಎಸೆಯುವ ರೀತಿ ನೋಡಿ ಏನೋ ಬರೆದುಕೊಂಡರು. ಎರಡನೇ ಅರ್ಧದಲ್ಲಿ ಹುಡುಗಿಯರ ಕಾಲು ಸೋತವು. ಮೈಮೇಲೆ ಬೀಳಬೇಕಾದವರು ಎರಡು ಹೆಜ್ಜೆ ತಡವಾಗಿ ಬಂದರು, ಆ ಎರಡು ಹೆಜ್ಜೆಯಲ್ಲಿ ಎದುರಿನ ಒಬ್ಬ ಗಟ್ಟಿ ಹುಡುಗಿ ತಲೆ ಎತ್ತಿ ಚೆಂಡನ್ನು ಎತ್ತಿ ಹಾಕಿದಳು. ಕರೂರಿನ ಹುಡುಗಿ ಮುಂದೆ ಓಡಿಬಂದಳು, ನಡುವೆ ನಿಂತಳು, ಹಿಂದೆ ಸರಿದಳು. ಚೆಂಡು ಅವಳ ತಲೆಯ ಮೇಲಿಂದ ಗೋಲಿಗೆ ಹೋಯಿತು. ಎರಡನೆಯದಕ್ಕೆ ಅವಳು ಗೋಲು ಬಿಟ್ಟು ಬರಲೇ ಇಲ್ಲ. ಮೂರನೆಯದಕ್ಕೆ ತೀರ ಮುಂದೆ ಬಂದಳು. ಮೂರೂ ಒಂದೇ ಥರದ ಗೋಲು. ಎರಡು–ಮೂರರಲ್ಲಿ ಸೋತೆವು. ಬರೆದುಕೊಳ್ಳುತ್ತಿದ್ದವರು ಪುಸ್ತಕ ಮುಚ್ಚಿ ಎದ್ದುಹೋದರು.

ಮೊದಲ ಗೋಲು ಬಿದ್ದಾಗ ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಯಿತು. ಎರಡನೆಯದಕ್ಕೆ ಆಗಲಿಲ್ಲ. ಮೂರನೆಯ ಗೋಲಿಗೆ ನಾನು ಮೈದಾನದ ಕಡೆ ನೋಡುತ್ತಿರಲಿಲ್ಲ.

ವಾಪಸು ಬಸ್ಸಿನಲ್ಲಿ ಸಾಹೇಬ್ರು ಎದ್ದು ಸರಳು ಹಿಡಿದು ನಿಂತು, “ನೋಡ್ರೆವ್ವಾ, ಇವತ್ತ ಸೋತದ್ದು ನನ್ನಿಂದ. ಲೆಕ್ಕ ನಂದು ತಪ್ಪೈತಿ, ನಿಮ್ದಲ್ಲ” ಎಂದರು. ಗೋಲ್‌ಕೀಪರ್ ಹುಡುಗಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು, ತಿರುಗಲಿಲ್ಲ. ಮರುದಿನದಿಂದ ಅವಳು ಮೈದಾನಕ್ಕೆ ಬರಲಿಲ್ಲ. ಸಾಹೇಬ್ರೂ ಕುರ್ಚಿ ಎತ್ತಿಸಿ ಒಳಗಿಡಿಸಿದರು. ತಂಡ ಮತ್ತೆ ನನ್ನದಾಯಿತು. ವರ್ಷಗಟ್ಟಲೆ ಮತ್ತೆ ಸೊನ್ನೆ–ಒಂದು. ಆದರೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ. ಸೋತ ಮೇಲೂ ಹುಡುಗಿಯರು ಕಾರಿಡಾರಿನಲ್ಲಿ ಅವರನ್ನು ಕಂಡರೆ ಓಡಿಹೋಗಿ ಮಾತಾಡಿಸುತ್ತಿದ್ದರು. ನನ್ನನ್ನು ಕಂಡರೆ ಸಾಲಾಗಿ ನಿಲ್ಲುತ್ತಿದ್ದರು.

ಬೀಳ್ಕೊಡುಗೆಯ ದಿನ ಅವರನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋದವನು ನಾನೇ. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಬುಟ್ಟಿಯನ್ನು ನಾನು ಇಸಿದುಕೊಂಡೆ, ಇಲ್ಲದಿದ್ದರೆ ಅದೂ ಎಲ್ಲಾದರೂ ಉಳಿಯುತ್ತಿತ್ತು. ಬಳ್ಳಾರಿ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತಾಗ ನನಗೇ ಗೊತ್ತಿಲ್ಲದೆ ಮಾತು ಹೊರಗೆ ಬಂತು.

“ಸಾಹೇಬ್ರ, ಆ ಬಳ್ಳಾರಿ ಮ್ಯಾಚಿನಾಗ ಹಿಂದ ಖಾಲಿ ಐತಿ ಅಂತ ನನಗ ಗೊತ್ತಿತ್ತು. ಬೇಕಂತ ಹೇಳಲಿಲ್ಲ.”

ಅವರು ಹಾರದ ಒಂದು ಹೂವು ಕಿತ್ತು ಬೆರಳಲ್ಲಿ ಹೊಸಕಿದರು. “ನನಗೂ ಗೊತ್ತಿತ್ರಿ ಮಾಸ್ತರ. ಆ ಲ್ಯಾಪ್‌ಟಾಪಿನಾಗ ಅದರಿಂದನಾ ಎಷ್ಟು ಸಲ ಸೋತೀನಿ ಅಂತೀರಿ!”

“ಗೊತ್ತಿದ್ದೂ ಯಾಕ ಬಿಟ್ರಿ ಮತ್ತ?”

“ನಿಮಗಂತ ಬಿಟ್ಟಿದ್ದೆ. ಹುಡುಗೇರು ನನ್ನ ಸುತ್ತ ನಿಂತಾಗ ನೀವು ಬಲಿ ಬಿಚ್ಚಿಕೋತ ನಿಂತಿರ್ತಿದ್ರಿ. ಅದು ಚಲೋ ಕಾಣ್ತಿರಲಿಲ್ಲ. ಹಿಂದಿನ ಲೈನ್ ಪಿ.ಟಿ. ಸರ್ ಹೇಳ್ತಾರ, ಅವ್ರು ಹೇಳೋ ತನಕ ಕಾಯ್ರಿ ಅಂತ ಹುಡುಗೇರಿಗೆ ಹೇಳಿದ್ದೆ. ನೀವು ಬಂದು ಸರಿ ಮಾಡಿದ್ರ, ಗೆದ್ದದ್ದು ನಿಮ್ಮಿಂದ ಅಂತಿದ್ರು ಅವ್ರು.”

ಒಂದು ಕ್ಷಣ ನನಗೆ ಅಸಾಧ್ಯ ಸಿಟ್ಟು ಬಂತು. ಇದರಲ್ಲೂ ಇವರೇ ಮುಂದೆ! “ನಾ ಬರಲಿಲ್ಲ ಅಂದ ಮ್ಯಾಲಾದ್ರೂ ನೀವು ಹೇಳಬೇಕಿತ್ತಲ್ರಿ!”

“ಹೇಳಬೇಕಿತ್ತು. ಕಡೀ ದಿನದ ತನಕ ನೀವು ಬರ್ತೀರಿ ಅಂತ ಕಾದೆ. ನಿಮ್ಮ ಮನಸ್ಸು ಗೆಲ್ಲಾಕ ಹೋಗಿ ಮಕ್ಕಳ ಮ್ಯಾಚು ಪಣಕ್ಕ ಇಟ್ಟೆ. ಅದಕ್ಕ ತಪ್ಪು ನಂದು ಅಂದದ್ದು, ಸುಮ್ಮನ ಅಂದದ್ದಲ್ಲ.” ಬಸ್ಸು ಬಂದು ನಿಂತಿತು. ಅವರು ಎದ್ದರು. “ಕರೂರಿನ ಹುಡುಗಿಗೆ ಎರಡು ಸಲ ಹೋಗಿ ಹೇಳೀನ್ರಿ. ಆಕಿ ನಂಬಂಗಿಲ್ಲ. ಸಮಾಧಾನ ಮಾಡಾಕ ಹೇಳ್ತಾರ ಅಂತಾಳ. ನೀವು ಹೇಳಿದ್ರ ನಂಬ್ತಾಳ.”

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಕರೂರಿನ ಬಸ್ಸು ಹತ್ತಿದೆ. ಅವಳೀಗ ಅಲ್ಲಿಯ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳನ್ನು ಮಲಗಿಸಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಆಗ ಮೈದಾನದಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ. ನಾನು ಕೂರಲಿಲ್ಲ. ಕೂತರೆ ಕುಶಲೋಪರಿಯಲ್ಲೇ ಹೊತ್ತು ಕಳೆದುಬಿಡುತ್ತೇನೆ ಎಂದು ಗೊತ್ತಿತ್ತು. ಎಲ್ಲವನ್ನೂ ಹೇಳಿದೆ. ಎಷ್ಟು ಮುಂದೆ ಬರಬೇಕೆಂದು ಅವಳಿಗೆ ಹೇಳಬೇಕಾದವನು ನಾನು, ನನಗೆ ಗೊತ್ತಿತ್ತು, ಸಾಹೇಬರ ಮೇಲಿನ ಹೊಟ್ಟೆಕಿಚ್ಚಿಗೆ ಹೇಳಲಿಲ್ಲ, ಆ ಮೂರು ಗೋಲು ನನ್ನವು ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬಗ್ಗಿ ಮೊರದ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ಆಮೇಲೆ ತಲೆ ಎತ್ತಿ ಕೇಳಿದಳು.

“ಹಂಗಾದ್ರ ನಾ ಚಲೋ ಆಡ್ತಿದ್ದೆನ್ರಿ ಸರ್?”